ನನ್ನ ಮಂಗಳವಾರ

ಗಾಜಿನ ಬಳೆಗಳು ಒಂದೊಂದಾಗಿ ಸ್ಟೀಲ್ ಲೋಟಕ್ಕೆ ಬೀಳುವ ಸದ್ದು. ಆ ಸರ್ಕಾರಿ ಆಸ್ಪತ್ರೆಯ ವಾರ್ಡು ಎಂದರೆ ನನಗೆ ಇಂದಿಗೂ ಅದೇ ನೆನಪು. ಪಕ್ಕದ ಮಂಚದ ಅರಂತೋಡಿನ ಹೆಂಗಸು ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆ ಬಳೆ ಕಳಚಿ ನನ್ನ ಲೋಟಕ್ಕೆ ಹಾಕಿದಳು.

"ಹೊಸತು ಅಕ್ಕ. ಒಡೆದ್ರೆ ನೀವೇ ತೆಗ್ಸಿ ಕೊಡ್ಬೇಕು!"

ನಗುತ್ತಲೇ ಹೋದಳು. ಆ ಮಂಗಳವಾರದ ಸರದಿ ನಿಜಕ್ಕೂ ನನ್ನದಾಗಿತ್ತು.

ನಮ್ಮಿಬ್ಬರಿಗೂ ಒಂದೇ ಕಾಯಿಲೆ. ಕಲ್ಲು ಕಟ್ಟಿ ಒಂದು ಕಿಡ್ನಿ ಕೆಟ್ಟು ನಿಂತಿತ್ತು, ತೆಗೆಯಲೇಬೇಕು. "ಕೀಹೋಲ್‌ನಲ್ಲಿ ಶುರು ಮಾಡ್ತೇವೆ" ಎಂದಿದ್ದರು ಡಾಕ್ಟರಮ್ಮ. "ಸಣ್ಣ ಸಣ್ಣ ತೂತು, ಬೇಗ ಮನೆಗೆ ಹೋಗ್ಬಹುದು. ಆದ್ರೆ ಒಳಗೆ ತುಂಬ ಅಂಟಿಕೊಂಡಿದ್ರೆ ತೆರೆದೇ ಮಾಡ್ಬೇಕಾಗ್ತದೆ. ಅದಕ್ಕೂ ಈಗಲೇ ಒಪ್ಪಿಗೆ ಬೇಕು."

ಕೀಹೋಲಿನಲ್ಲಿ ಇಣುಕುವುದು ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಸರ್ಕಾರಿ ಆಸ್ಪತ್ರೆಯಲ್ಲಿ ಇದೆಲ್ಲ ಸೇಫಾ ಎಂದು ಇಂಗ್ಲಿಷಿನಲ್ಲೇ ಕೇಳಿದೆ. "ಮಾಡ್ತಾ ಇರ್ತೇವೆ ಅಮ್ಮ, ಹೆದರ್ಬೇಡಿ" ಎಂದು ಅವರು ಕನ್ನಡದಲ್ಲಿ ಹೇಳಿದರು. ಆಗ ಹೆದರಿಕೆ ಹೋಯಿತು.

ಮತ್ತೆ ಬಂದದ್ದು ಬೆಟ್ಟಂಪಾಡಿಯಿಂದ ನಾದಿನಿಯ ಫೋನಿನಲ್ಲಿ. ಅವಳು ಪಂಚಾಂಗ ನೋಡಿಸಿದ್ದಳು. "ಅತ್ತಿಗೆ, ಮಂಗಳವಾರ ಮೈಗೆ ಕತ್ತಿ ತಾಗಿಸುದು ಬೇಡ. ನಿಮ್ಮ ನಕ್ಷತ್ರಕ್ಕೆ ಗುರುವಾರ ಒಳ್ಳೆದುಂಟು."

ನಾನ್ಸೆನ್ಸ್ ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಊಟ ಸೇರಲಿಲ್ಲ. ಗುರುವಾರದ ಸರದಿ ಪಕ್ಕದವಳದ್ದು. ಅದಲುಬದಲು ಮಾಡಿಕೊಳ್ಳೋಣವಾ ಎಂದು ಕೇಳಿಯೇಬಿಟ್ಟೆ.

"ಇಷ್ಟು ಇಂಗ್ಲಿಷ್ ಮಾತಾಡುವವರಿಗೂ ವಾರ ಉಂಟಾ ಮಾರಾಯ್ರೆ?" ಅವಳಿಗೆ ನಗು ತಡೆಯಲಾಗಲಿಲ್ಲ. "ರಬ್ಬರ್ ತೋಟಕ್ಕೆ ಟ್ಯಾಪಿಂಗಿಗೆ ಹೋಗುವವಳು ನಾನು. ನಂಗೆ ಎಂತ ಮಂಗಳವಾರ, ಎಂತ ಗುರುವಾರ? ಬೇಗ ಆದ್ರೆ ಬೇಗ ಮನೆಗೆ ಹೋಗುದು."

ಇಬ್ಬರ ಪರೀಕ್ಷೆಗಳೂ ಮುಗಿದಿದ್ದವು. ಡಾಕ್ಟರಮ್ಮ ಒಪ್ಪಿದರು.

ಆ ಮಂಗಳವಾರ ಮಧ್ಯಾಹ್ನ ಕಳೆದರೂ ಅವಳು ಬರಲಿಲ್ಲ. ಅವಳ ಗಂಡ ಥಿಯೇಟರಿನ ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಲೋಟ ಹಿಡಿದುಕೊಂಡು ಅವನ ಪಕ್ಕದಲ್ಲೇ ಬೆಂಚಿನಲ್ಲಿ ಕೂತಿದ್ದೆ. ಸಂಜೆಗೆ ಡಾಕ್ಟರಮ್ಮ ಹೊರಗೆ ಬಂದರು. ಒಳಗೆಲ್ಲ ಅಂಟಿಕೊಂಡಿತ್ತು, ರಕ್ತ ನಿಲ್ಲಲಿಲ್ಲ, ತೆರೆಯಬೇಕಾಯಿತು ಎಂದರು.

"ಕೀಹೋಲ್ ಫೇಲಾದ್ದಾ ಡಾಕ್ಟ್ರೆ?" ಅವಳ ಗಂಡ ಬೆಂಚಿನಿಂದ ಎದ್ದು ನಿಂತ.

"ಫೇಲಲ್ಲ. ಜೀವ ಮುಖ್ಯ ಅಲ್ವಾ? ಸರಿಯಾದ ಹೊತ್ತಿಗೆ ತೆರೆದದ್ದರಿಂದಲೇ ಉಳಿದ್ರು."

ಗುರುವಾರ ನನ್ನದು ತೂತುಗಳಲ್ಲೇ ಸಲೀಸಾಗಿ ಮುಗಿಯಿತು. ನಾನು ವರಾಂಡದಲ್ಲಿ ನಡೆದಾಡುವ ಹೊತ್ತಿಗೆ ಅವಳು ಐಸಿಯುವಿನಿಂದ ಮಂಚಕ್ಕೆ ಮರಳಿದ್ದಳು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ನನ್ನ ಸಣ್ಣ ಸಣ್ಣ ಬ್ಯಾಂಡೇಜುಗಳನ್ನು ಸೆರಗಿನಡಿ ಮುಚ್ಚಿಕೊಂಡು ಅತ್ತ ನೋಡದೆ ಹಾದುಹೋಗುತ್ತಿದ್ದೆ.

ತಡೆಯಲಾರದೆ, ವಾರ ಬದಲಿಸಿದ್ದು ಯಾಕೆಂದು ಡಾಕ್ಟರಮ್ಮನಿಗೆ ಹೇಳಿದೆ. "ಅಂಟಿದ್ದು ಕಿಡ್ನಿ ಅಮ್ಮ, ವಾರ ಅಲ್ಲ. ಗುರುವಾರ ಮಾಡಿದ್ರೂ ಅವರಿಗೆ ಇದೇ ಆಗ್ತಿತ್ತು." ಅವರ ಮಾತು ಸತ್ಯವೆಂದು ನನಗೆ ಗೊತ್ತು. ಆದರೆ ಹಾಗೆ ನಂಬುವವಳಾಗಿದ್ದರೆ ನಾನು ಮೊದಲೇ ವಾರ ಬದಲಿಸುತ್ತಿರಲಿಲ್ಲವಲ್ಲ.

ಮುಂದೆ ಚೆಕಪ್ಪಿಗೆ ಹೋದಾಗ, ಅವಳು ಗುಣವಾಗಿ ಊರಿಗೆ ಹೋದಳು ಎಂದು ನರ್ಸ್ ಹೇಳಿದರು. ನಾನು ಅವಳನ್ನು ಕೊನೆಯ ಸಲ ಕಂಡದ್ದು ನನ್ನ ಡಿಸ್ಚಾರ್ಜಿನ ದಿನ. ಕರೆದೊಯ್ಯಲು ಬಂದ ನಾದಿನಿ ಬಟ್ಟೆ ಮಡಚುತ್ತಾ, ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು: "ಕಂಡಿರಾ ಅತ್ತಿಗೆ? ಮಂಗಳವಾರ ತಪ್ಪಿಸಿದ್ದು ಎಷ್ಟು ಒಳ್ಳೆದಾಯ್ತು!"

ಪಕ್ಕದ ಮಂಚದಲ್ಲಿ ಅವಳು ಕಣ್ಣು ತೆರೆದಳು. ನಾನು ಲೋಟ ಹಿಡಿದು ಹತ್ತಿರ ಹೋಗಿ, ಒಂದೂ ಒಡೆದಿಲ್ಲ ಎಂದೆ. ಡ್ರಿಪ್ ಹಾಕಿ ಊದಿದ್ದ ಕೈಗೆ ಬಳೆ ಏರುವಂತಿರಲಿಲ್ಲ.

"ಅಲ್ಲೇ ಇಡಿ ಅಕ್ಕ" ಎಂದಳು. ನಗಲಿಲ್ಲ. "ನಿಮಗೆ ಬಸ್ಸಿಗೆ ಹೊತ್ತಾಯ್ತು."

ಲೋಟ ಸಮೇತ ಅಲ್ಲಿಟ್ಟು, ಅವಳಿಗೆ ಬೆನ್ನು ಹಾಕಿ ನಡೆದೆ.