ಚೆಂಡು ಹೋಗದ ಮೂಲೆ

ಆಳಂದದ ಹೈಸ್ಕೂಲಿಗೆ ನಾನು ದೈಹಿಕ ಶಿಕ್ಷಕನಾಗಿ ಹೋದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನಾನು ಜೇವರ್ಗಿ ಕಡೆಯ ಹಳ್ಳಿಯವನು, ಕಬಡ್ಡಿ ಆಡಿ ಬೆಳೆದವನು. ಫುಟ್ಬಾಲನ್ನು ತರಬೇತಿ ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದೆನೇ ಹೊರತು ಕಾಲಿಗೆ ಹತ್ತಿಸಿಕೊಂಡಿರಲಿಲ್ಲ. ನಾನು ಸೇರಿದ ವರ್ಷವೇ ಇಲಾಖೆಯಿಂದ ಆಟದ ಸಾಮಾನಿನ ಪೆಟ್ಟಿಗೆ ಬಂತು. ಅದರಲ್ಲಿ ಎರಡು ಫುಟ್ಬಾಲ್ ಇದ್ದವು. ಹೆಡ್ ಮಾಸ್ತರರು ಅವುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಚೆಂಡು ಬಂದಾವ ಅಂದ ಮ್ಯಾಲ ಟೀಮು ಆಗಬೇಕಲ್ರಿ. ಬರೂ ವರ್ಷ ಜೇವರ್ಗಿಯೊಳಗ ಟೂರ್ನಮೆಂಟ್ ಅದ, ನಮ್ಮ ಹುಡುಗ್ರೂ ಹೋಗ್ಲಿ" ಅಂದರು. ನನಗೆ ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಗಿ, "ಆಗ್ತದ್ರಿ" ಎಂದುಬಿಟ್ಟೆ.

ನಮ್ಮ ಮೈದಾನ ಎರೆಮಣ್ಣಿನದು. ಬೇಸಿಗೆಯಲ್ಲಿ ಬಿರುಕು ಬಿಡುತ್ತಿತ್ತು, ಮಳೆ ಬಂದರೆ ಕಾಲಿಗೆ ಮೆತ್ತುತ್ತಿತ್ತು. ಎರಡು ಬದಿ ಜಾಲಿಮುಳ್ಳಿನ ಬೇಲಿ. ಹುಡುಗರನ್ನು ಎರಡು ಗುಂಪು ಮಾಡಿ ಚೆಂಡು ಬಿಟ್ಟರೆ ಇಪ್ಪತ್ತೆರಡು ಮಂದಿಯೂ ಒಟ್ಟಿಗೆ ಅದರ ಹಿಂದೆ ಓಡುತ್ತಿದ್ದರು. ಯಾರ ಕಾಲಿಗೆ ಸಿಕ್ಕಿತೋ ಅವನು ಮೈಯ ಶಕ್ತಿಯೆಲ್ಲ ಹಾಕಿ ಒದೆಯುತ್ತಿದ್ದ. ಒದ್ದದ್ದು ನೇರ ಜಾಲಿಗೆ. ಒಂದು ಚೆಂಡು ತಿಂಗಳೊಳಗೆ ಹರಿದುಹೋಯಿತು. ಇನ್ನೊಂದರ ತೂತುಬಿದ್ದ ಬ್ಲಾಡರ್ ಹಿಡಿದುಕೊಂಡು ನಾನು ಮೇಲಿಂದ ಮೇಲೆ ಬಸ್ ಸ್ಟ್ಯಾಂಡಿನ ಎದುರಿನ ಸೈಕಲ್ ಅಂಗಡಿಗೆ ಹೋಗಬೇಕಾಯಿತು.

ಆ ಅಂಗಡಿಯವರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಅರವತ್ತರ ಹತ್ತಿರದ ವಯಸ್ಸು, ಗಿಡ್ಡ ಬಿಳಿ ಗಡ್ಡ. ಎಡ ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. ಅವರು ಹರೆಯದಲ್ಲಿ ಹೈದರಾಬಾದಿನಲ್ಲಿ ದೊಡ್ಡ ಆಟಗಾರರಾಗಿದ್ದರಂತೆ ಎಂಬ ಮಾತು ಊರಲ್ಲಿತ್ತು. ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಾಲ್ಕನೇ ಸಲ ಹೋದಾಗ ಅವರು ಬ್ಲಾಡರನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಲೇ ಕೇಳಿದರು: "ಮಾಸ್ತರ್, ಚೆಂಡು ಪ್ರತಿ ಸಲ ಮುಳ್ಳಿಗೇ ಯಾಕ ಹೋಗ್ತದ?"

"ಹುಡುಗ್ರು ಒದೀತಾರಲ್ರಿ ಚಾಚಾ."

"ಒದೀಬ್ಯಾಡ್ರಿ ಅಂತ ಹೇಳ್ರಿ."

ನಾನು ನಕ್ಕೆ. ಅವರು ನಗಲಿಲ್ಲ. ತೇಪೆ ಹಚ್ಚಿ, ಗಾಳಿ ತುಂಬಿ, ಚೆಂಡಿನ ಬಾಯಿಯ ದಾರ ಬಿಗಿದು ನೆಲಕ್ಕಿಟ್ಟರು. ಚಪ್ಪಲಿ ಕಳಚಿದರು. ಆ ಇಕ್ಕಟ್ಟಾದ ಅಂಗಡಿಯಲ್ಲಿ, ಬಿಚ್ಚಿಟ್ಟ ಗಾಲಿಗಳು, ಟ್ಯೂಬುಗಳು, ಪಾನಾಗಳ ನಡುವೆ ಚೆಂಡನ್ನು ಅಂಗಾಲಿನಿಂದ ಉರುಳಿಸುತ್ತ ಒಂದು ಸುತ್ತು ಬಂದರು. ಅದು ಯಾವುದಕ್ಕೂ ತಗಲಲಿಲ್ಲ. ಸಾಕಿದ ಬೆಕ್ಕಿನ ಹಾಗೆ ಅವರ ಕಾಲ ಸುತ್ತಲೇ ತಿರುಗಿತು. ನಾನು ನಿಂತಲ್ಲೇ ನಿಂತೆ.

"ನನಗೂ ಇದು ಬರಂಗಿಲ್ರಿ," ಎಂದು ಅವರೆದುರು ಒಪ್ಪಿಕೊಂಡೆ. "ನೀವು ಬಂದು ಹೇಳಿಕೊಡ್ತೀರೇನ್ರಿ?"

"ಶುಕ್ರವಾರ ನಮಾಜ್ ಆದ ಮ್ಯಾಲ ಅಂಗಡಿ ತೆಗಿಯಂಗಿಲ್ಲ. ಬರ್ತೇನಿ," ಅಂದರು.

ಹಾಗೆ ಶುಕ್ರವಾರದ ಸಂಜೆಗಳು ಶುರುವಾದವು. ಚಾಚಾ ಸೈಕಲ್ಲಿನ ಮೇಲೆ ಒಂದು ಕಬ್ಬಿಣದ ಸ್ಟೂಲು ಕಟ್ಟಿಕೊಂಡು ಬಂದು ಬೇವಿನ ಗಿಡದ ಕೆಳಗೆ ಕೂರುತ್ತಿದ್ದರು. ಮೊದಲ ತಿಂಗಳು ಗೋಲಿನ ಮಾತೇ ಇಲ್ಲ. ಬೂದಿಯಿಂದ ನೆಲದ ಮೇಲೆ ಒಂದು ಚೌಕ ಬರೆಸಿದರು. ನಾಲ್ಕು ಮೂಲೆಗೆ ನಾಲ್ವರು, ನಡುವೆ ಒಬ್ಬ. ಮೂಲೆಯವರು ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸಬೇಕು, ನಡುವಿನವನು ಕಸಿಯಬೇಕು. ಯಾರಿಂದ ಕಸಿದನೋ ಅವನು ನಡುವೆ ಬರಬೇಕು. ಅಷ್ಟೇ ಆಟ. ಚೆಂಡು ಒಂದೇ ಇದ್ದುದರಿಂದ ಉಳಿದವರು ಹಳೆ ಬಟ್ಟೆ ಸುತ್ತಿ ಸುತಳಿ ದಾರದಿಂದ ಬಿಗಿದು ಚೆಂಡು ಮಾಡಿಕೊಂಡು ಪಕ್ಕದಲ್ಲಿ ಬೇರೆ ಚೌಕಗಳನ್ನು ಬರೆದುಕೊಂಡರು.

ಬರುವ ಚೆಂಡಿಗೆ ಹುಡುಗರು ಕಾಲನ್ನು ಗೋಡೆಯಂತೆ ಒಡ್ಡುತ್ತಿದ್ದರು. ಚೆಂಡು ಬಡಿದು ಮಾರು ದೂರ ಸಿಡಿಯುತ್ತಿತ್ತು. ಚಾಚಾ ಕರೆದು ಹೇಳಿದರು: "ಯಾರರೆ ಕೂಸಿನ್ನ ನಿಮ್ಮ ಕೈಯಾಗ ಕೊಟ್ಟರ ಹ್ಯಾಂಗ ತೊಗೋತೀರಿ ಬೇಟಾ? ಕೈ ಜರಾ ಹಿಂದ ತೊಗೊಂಡು, ಮೆತ್ತಗ. ಹೌದಿಲ್ಲ? ಚೆಂಡಿಗೂ ಹಂಗ. ಅದು ಬಂದಾಗ ಕಾಲು ಅದರ ಜೋಡಿ ಒಂದು ಗೇಣು ಹಿಂದ ಬರಬೇಕು."

ಮನೆಯಲ್ಲಿ ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ಬೆಳೆದ ಹುಡುಗರಿಗೆ ಅದು ತಕ್ಷಣ ತಿಳಿಯಿತು. ಅವರೆಲ್ಲ ಹೋದ ಮೇಲೆ ನಾನೂ ಒಬ್ಬನೇ ಗೋಡೆಗೆ ಚೆಂಡು ತಳ್ಳಿ, ವಾಪಸ್ಸು ಬಂದದ್ದನ್ನು ಕಾಲು ಹಿಂದೆ ತೆಗೆದುಕೊಂಡು ಹಿಡಿಯುವುದನ್ನು ಕಲಿತೆ. ಚೆಂಡು ಜಾಲಿಗೆ ಹೋಗುವುದು ಕಡಿಮೆಯಾಯಿತು.

ಮೂರನೆಯ ತಿಂಗಳೋ ನಾಲ್ಕನೆಯದೋ, ಒಂದು ಶುಕ್ರವಾರ ಚಾಚಾ ನನ್ನನ್ನು ಸ್ಟೂಲಿನ ಹತ್ತಿರ ಕರೆದರು. "ಮಾಸ್ತರ್, ಆ ಬೇವಿನ ಕಡೆ ಮೂಲಿ ನೋಡ್ರಿ. ಅಲ್ಲಿ ಚೆಂಡು ಹೋಗಂಗಿಲ್ಲ."

ನೋಡಿದೆ. ಮೂಲೆಯಲ್ಲಿ ಎಂಟನೇ ಇಯತ್ತೆಯ ಒಬ್ಬ ತೆಳ್ಳಗಿನ ಹುಡುಗ ನಿಂತಿದ್ದ. ಊರಾಚೆಯ ಕೇರಿಯವನು. ಅವನ ತಂದೆ ದಾಲ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಉಳಿದ ಮೂರು ಮೂಲೆಯವರು ತಮ್ಮತಮ್ಮಲ್ಲೇ ಚೆಂಡು ತಿರುಗಿಸುತ್ತಿದ್ದರು. ಉಳಿದಿಬ್ಬರ ಕಡೆಗೂ ದಾರಿ ಕಟ್ಟಿಹೋದಾಗ ಚೆಂಡು ಕಳೆದುಕೊಂಡು ನಡುವೆ ಬರುತ್ತಿದ್ದರೇ ಹೊರತು ಅವನಿಗೆ ಕೊಡುತ್ತಿರಲಿಲ್ಲ. ಅವನು ಮಾತ್ರ ಪ್ರತಿ ಸಲವೂ ತಯಾರಾಗಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಚೆಂಡಿನತ್ತ ಮುಖ ಮಾಡಿ ನಿಂತಿರುತ್ತಿದ್ದ.

"ಎಷ್ಟು ದಿವಸದಿಂದ ಹಿಂಗದರಿ?" ಎಂದು ಕೇಳಿದೆ.

"ಮೊದಲಿಂದ. ನಿಮಗ ಕಾಣ್ತದ ಅಂತ ದಾರಿ ನೋಡಿದೆ," ಅಂದರು.

ನನ್ನದು ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡುವ, ಮಕ್ಕಳಿಗೆ ವಚನ ಬಾಯಿಪಾಠ ಮಾಡಿಸುವ ಮನೆತನ. ಆ ವಚನಗಳ ಅರ್ಥವನ್ನು ನಾನೇ ಮಕ್ಕಳಿಗೆ ವಿವರಿಸಿ ಹೇಳಿದ್ದುಂಟು. ಆದರೂ ನಾಲ್ಕು ತಿಂಗಳು ಸೀಟಿ ಹಿಡಿದು ಅಲ್ಲೇ ನಿಂತಿದ್ದ ನನಗೆ ಅದು ಕಂಡಿರಲಿಲ್ಲ. ಕಂಡಿರಲಿಲ್ಲವೋ, ಕಂಡರೂ ಅದು ಹಾಗೇ ಇರುವಂಥದ್ದು ಎಂದುಕೊಂಡಿದ್ದೆನೋ, ಇವತ್ತಿಗೂ ನಿಶ್ಚಯವಾಗಿ ಹೇಳಲಾರೆ. ಆ ಹೊತ್ತಿಗೆ ಚಾಚಾರ ಮುಖ ನೋಡಲು ಆಗಲಿಲ್ಲ.

ನಾನು ಸಿಟ್ಟಿನಿಂದ ಹುಡುಗರ ಕಡೆ ಹೊರಟೆ. ಚಾಚಾ ನನ್ನ ಅಂಗಿ ಹಿಡಿದು ನಿಲ್ಲಿಸಿದರು. "ಬೈಬ್ಯಾಡ್ರಿ. ಬೈದರ ಇವತ್ತು ಕೊಡ್ತಾರ, ನಾಳಿಗಿ ಬಿಡ್ತಾರ. ಆಟದಾಗ ತರೋಣು."

ಅವರು ಎದ್ದು ಹೋಗಿ ಹೊಸ ನಿಯಮ ಹೇಳಿದರು. ಹತ್ತು ಸಲ ಚೆಂಡು ದಾಟಿದರೆ ಮೂಲೆಯವರು ಗೆದ್ದಂತೆ. ಆದರೆ ನಾಲ್ಕೂ ಮೂಲೆಗೆ ಚೆಂಡು ಮುಟ್ಟುವವರೆಗೆ ಎಣಿಕೆ ಶುರುವಾಗುವುದೇ ಇಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಡದ ನಾಯಕ ಒಂಬತ್ತನೇ ಇಯತ್ತೆಯ ಗಟ್ಟಿಮುಟ್ಟು ಹುಡುಗ, ಗೌಡರ ಮೊಮ್ಮಗ. ಎಲ್ಲರಿಗಿಂತ ಮೊದಲು ಅವನೇ ಆ ಮೂಲೆಗೆ ಚೆಂಡು ಕಳಿಸಿದ. ಆದರೆ ಕಳಿಸಿದ್ದು ಬಿರುಸಾಗಿ ಒದ್ದು. ತೆಳ್ಳಗಿನ ಹುಡುಗನ ಮೊಣಕಾಲಿಗೆ ಬಡಿದು ಚೆಂಡು ಹೊರಗೆ ಹೋಯಿತು. ಉಳಿದವರು ನಕ್ಕರು.

ಚಾಚಾ ದನಿ ಏರಿಸಲಿಲ್ಲ. "ಬೇಟಾ, ನೀ ಕೊಡಲಿಲ್ಲ, ಹೊಡದಿ. ಕೊಡೋದಂದ್ರ ಅವನ ಕಾಲಿಗಿ ಸುಖ ಆಗಬೇಕು. ಅಂವ ಎಡಗಾಲವನೋ ಬಲಗಾಲವನೋ, ನಿನಗ ಗೊತ್ತದ ಏನು?"

ನಾಯಕ ತಲೆ ತಗ್ಗಿಸಿದ. ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಆ ತೆಳ್ಳಗಿನ ಹುಡುಗ ಎಡಗಾಲಿನವನಾಗಿದ್ದ. ಒಂದೆರಡು ವಾರ ಅವನಿಗೆ ಬಂದವೆಲ್ಲ ಕೆಟ್ಟ ಚೆಂಡುಗಳೇ: ಪುಟಿದವು, ಬದಿಗೆ ಹೋದವು, ಬಿರುಸಾದವು. ಅವನು ದೂರು ಹೇಳಲಿಲ್ಲ. ಎಲ್ಲವನ್ನೂ ಹಿಡಿಯಲು ನೋಡಿದ, ನಿಧಾನಕ್ಕೆ ಹಿಡಿಯತೊಡಗಿದ. ದೀಪಾವಳಿ ಹೊತ್ತಿಗೆ ಎಂಥ ಚೆಂಡು ಬಂದರೂ ಅವನ ಎಡ ಪಾದದ ಹತ್ತಿರ ಬಂದು ಸುಮ್ಮನಾಗುತ್ತಿತ್ತು. ಹಿಡಿದು ತಲೆ ಎತ್ತಿ ನೋಡುತ್ತಿದ್ದ. ಹಿಂತಿರುಗಿಸಿದ್ದು ಮಾತ್ರ ಎದುರಿನವನ ಕಾಲಿಗೆ ಹಿತವಾಗುವಂತೆ ಇರುತ್ತಿತ್ತು. ಯಾರು ಯಾವ ಕಾಲಿನವರು ಎಂಬುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅಷ್ಟು ದಿನ ನಿಂತು ನೋಡಿದ್ದನಲ್ಲ. ಕ್ರಮೇಣ ಹುಡುಗರು ಇಕ್ಕಟ್ಟಿಗೆ ಸಿಕ್ಕಾಗ ಅವನನ್ನೇ ಹುಡುಕತೊಡಗಿದರು. ಅದು ಯಾವತ್ತು ಶುರುವಾಯಿತೋ ನಾನು ಗುರುತಿಸಲಿಲ್ಲ.

ಒಂದು ಸಂಜೆ ಗೌಡರು ಮೈದಾನಕ್ಕೆ ಬಂದರು. ಬೇಲಿಯ ಹತ್ತಿರ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು, "ಮಾಸ್ತರ್, ನಮ್ಮ ಹುಡುಗ ಎಲ್ಲಾರಿಗೂ ಚೆಂಡು ಹಂಚ್ತಾನಲ್ರಿ," ಅಂದರು. 'ಎಲ್ಲಾರಿಗೂ' ಎಂದದ್ದು ಕೇರಿಯ ಹುಡುಗನ ಬಗ್ಗೆ ಎಂದು ನನಗೆ ತಿಳಿಯಿತು.

"ಹೌದ್ರಿ. ಆಟ ಹಂಗ ಅದರಿ," ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ನೋಡಿ ಹೋದರು. ಮರುದಿನ ಮೊಮ್ಮಗ ಬರುತ್ತಾನೋ ಇಲ್ಲವೋ ಎಂದು ನಾನು ಶಾಲೆಯ ಬಾಗಿಲಲ್ಲೇ ಕಾದೆ. ಅವನು ಎಂದಿನಂತೆ ಬಂದ. "ಮುತ್ಯಾ ಏನಂದ್ರು?" ಎಂದು ಕೇಳಿದೆ. "ಏನೂ ಅನಲಿಲ್ರಿ ಸರ್. ಊಟದಾಗ ಒಂದು ರೊಟ್ಟಿ ಜಾಸ್ತಿ ಹಾಕಿಸಿದ್ರು," ಅಂದ.

ಮುಂದಿನ ವರ್ಷ, ನಾಯಕ ಹತ್ತನೇ ಇಯತ್ತೆಯಲ್ಲಿದ್ದಾಗ, ಜೇವರ್ಗಿಗೆ ಹೋದೆವು. ಚಾಚಾ ಅಂಗಡಿ ಮುಚ್ಚಿ ಜೊತೆಗೆ ಬಂದರು. ಹೆದ್ದಾರಿಯ ಪಕ್ಕದ ಮೈದಾನ. ಲಾರಿ ನಿಲ್ಲಿಸಿದವರೂ ಇಳಿದು ನೋಡುತ್ತಿದ್ದರು. ನಮ್ಮವರದು ಬರಿಗಾಲು. ಮೊದಲ ಪಂದ್ಯದಲ್ಲಿ ಹೇಗೋ ಒಂದು ಗೋಲು ಬಂತು. ಕೊನೆಯ ಹತ್ತು ನಿಮಿಷ ಎದುರಾಳಿಗಳು ಮೈಮೇಲೆ ಬಿದ್ದರು. ನನ್ನ ಧೈರ್ಯ ಹೋಯಿತು. ಎದ್ದು ನಿಂತು, "ಒದ್ದು ದೂರ ಹಾಕ್ರಿಲೇ" ಎಂದು ಕೂಗಿದೆ.

ಚಾಚಾ ನನ್ನನ್ನು ಕೈಹಿಡಿದು ಕೂರಿಸಿದರು. "ಕುಂದ್ರಿ ಮಾಸ್ತರ್. ಚೆಂಡು ನಮ್ಮ ಹಂತ್ಯಾಕ, ನಮ್ಮ ಕಾಲಾಗ ಅದ. ನಮ್ಮ ಹಂತ್ಯಾಕ ಇದ್ದಿದ್ದು ನಮ್ಮ ಮ್ಯಾಲ ಹ್ಯಾಂಗ ಗೋಲ್ ಆಗ್ತದ?"

ಆಗಲೇ ಮೈದಾನದ ಅಂಚಿನಲ್ಲಿ ನಮ್ಮ ನಾಯಕನನ್ನು ಇಬ್ಬರು ಸುತ್ತುವರಿದರು. ಅವನು ತಲೆ ಎತ್ತಿ ನೋಡಲೂ ಇಲ್ಲ, ಬಲಕ್ಕೆ ಚೆಂಡು ತಳ್ಳಿದ. ಅಲ್ಲಿ ಆ ತೆಳ್ಳಗಿನ ಹುಡುಗ ಇರುತ್ತಾನೆ ಎಂದು ಅವನಿಗೆ ಗೊತ್ತಿತ್ತು. ಅವನು ಇದ್ದ. ಚೆಂಡನ್ನು ಎಡಗಾಲಿನ ಮೇಲೆ ಮೆತ್ತಗೆ ತೆಗೆದುಕೊಂಡು ಹಿಂದಿನವನಿಗೆ ಕೊಟ್ಟ. ಅವನಿಂದ ನಾಯಕನಿಗೆ, ನಾಯಕನಿಂದ ಮತ್ತೆ ಇವನಿಗೆ. ನೋಡುತ್ತಿದ್ದ ಮಂದಿ ಮೊದಲು ಗೇಲಿ ಮಾಡಿದರು, ಆಮೇಲೆ ಸುಮ್ಮನಾದರು. ಕೆಲವರು ಎಣಿಸತೊಡಗಿದರು. ಸೀಟಿ ಊದಿದಾಗ ಚೆಂಡು ನಮ್ಮವರ ಕಾಲಲ್ಲೇ ಇತ್ತು.

ಮಧ್ಯಾಹ್ನದ ಪಂದ್ಯದಲ್ಲಿ ಬೂಟು ಹಾಕಿದ ದೊಡ್ಡ ಹುಡುಗರ ತಂಡದ ಎದುರು ಮೂರು ಗೋಲಿನಿಂದ ಸೋತೆವು. ನಾಯಕನ ಪಾದದ ಚರ್ಮ ಬೂಟಿನ ತುಳಿತಕ್ಕೆ ಕಿತ್ತುಹೋಗಿತ್ತು. ವಾಪಸ್ಸು ಬರುವ ಬಸ್ಸಿನಲ್ಲಿ ತೆಳ್ಳಗಿನ ಹುಡುಗ ತನ್ನ ಟವೆಲ್ ತೋಯಿಸಿ ಆ ಪಾದಕ್ಕೆ ಕಟ್ಟಿದ. ನಾಯಕ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದ. ಎಚ್ಚರವಾದೀತು ಎಂದು ಆ ಹುಡುಗ ಊರು ಬರುವವರೆಗೂ ಅಲುಗಾಡದೆ ಕೂತ.

ಆ ಬೇಸಿಗೆಯಲ್ಲಿ ನನಗೆ ಅಫಜಲಪುರಕ್ಕೆ ವರ್ಗವಾಯಿತು. ಹೇಳಿಹೋಗಲು ಚಾಚಾರ ಅಂಗಡಿಗೆ ಹೋದೆ. ಚಹಾ ತರಿಸಿದರು. ಅಷ್ಟು ದಿನ ಕೇಳದೆ ಉಳಿದಿದ್ದ ಮಾತನ್ನು ಅಂದು ಕೇಳಿದೆ: "ಹೈದರಾಬಾದಿನ್ಯಾಗ ನೀವು ಬಹಳ ಮ್ಯಾಚ್ ಆಡೀರೇನ್ರಿ?"

ಅವರು ಕಪ್ಪಿನ ಚಹಾ ಬಸಿಗೆ ಹಾಕಿಕೊಂಡು ಊದಿದರು. "ಒಂದೇ ಒಂದು. ಊರಾಗ ಮಂದಿ ಏನೇನೋ ಹೇಳ್ತಾರ, ನಾನೂ ಇಲ್ಲ ಅನಲಿಲ್ಲ. ಎರಡು ವರ್ಷ ಪ್ರಾಕ್ಟೀಸಿಗಿ ಕರೀತಿದ್ರು, ಹೊರಗ ಕುಂದ್ರಸ್ತಿದ್ರು. ಒಂದು ಸಲ ಒಳಗ ಬಿಟ್ರು. ಇಡೀ ಮ್ಯಾಚ್ ಓಡಿದೆ. ನಾ ಹೊರಗಿನ ಜಿಲ್ಲಾದಿಂದ ಬಂದಾಂವ, ಯಾರಿಗೂ ಪರಿಚಯ ಇಲ್ಲ. ಒಬ್ಬನೂ ಚೆಂಡು ಕೊಡಲಿಲ್ಲ. ಮುಂದ ಸೈಕಲ್ ಮ್ಯಾಲಿಂದ ಬಿದ್ದು ಕಾಲು ಹ್ವಾಯ್ತು, ಊರಿಗಿ ಬಂದೆ."

ಇಷ್ಟು ಹೇಳಿ ಬಸಿಯಿಂದ ಚಹಾ ಕುಡಿದರು. ಮುಖದಲ್ಲಿ ದುಃಖವೇನೂ ಇರಲಿಲ್ಲ. ನಾನು ಎದ್ದು ಅವರ ಕಾಲು ಮುಟ್ಟಲು ಹೋದೆ. "ಮಾಸ್ತರ್ ಮಂದಿ ಕಾಲು ಮುಟ್ಟಬಾರ್ದು" ಎಂದು ಕೈ ಹಿಡಿದುಕೊಂಡರು. ಗ್ರೀಸಿನ ಕೈ, ನನ್ನ ಅಂಗಿಯ ತೋಳಿಗೆ ಕಪ್ಪು ಹತ್ತಿತು.

ಅಫಜಲಪುರದಲ್ಲೂ ಹುಡುಗರನ್ನು ಸೇರಿಸಿ ಬೂದಿಯ ಚೌಕ ಬರೆಸಿದೆ. ಅದೇ ವರ್ಷದ ಟೂರ್ನಮೆಂಟಿನಲ್ಲಿ ನಮ್ಮ ತಂಡಕ್ಕೆ ಆಳಂದದ ತಂಡವೇ ಎದುರಾಯಿತು. ಗೌಡರ ಮೊಮ್ಮಗ ಆಗಲೇ ಕಾಲೇಜಿಗೆ ಹೋಗಿದ್ದ. ಆಳಂದದ ನಾಯಕನಾಗಿ ನಡುಮೈದಾನದಲ್ಲಿ ನಿಂತವನು ಆ ತೆಳ್ಳಗಿನ ಹುಡುಗ. ಆಗವನು ಅಷ್ಟೇನೂ ತೆಳ್ಳಗಿರಲಿಲ್ಲ. ಅವರು ನಮ್ಮವರಿಗೆ ಚೆಂಡು ಮುಟ್ಟಲು ಬಿಡಲಿಲ್ಲ. ಎರಡು ಗೋಲಿನಿಂದ ಸೋತೆವು. ಸೋತ ತಂಡದ ಮಾಸ್ತರನಿಗೆ ಇರಬಾರದಷ್ಟು ಸಂತೋಷ ನನಗಾಗಿತ್ತು. ನನ್ನ ಹುಡುಗರಿಗೆ ಕಾಣಬಾರದೆಂದು ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದೆ.

ಆಟ ಮುಗಿದ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತ ಬಂದು ನಮಸ್ಕಾರ ಮಾಡಿದ. ಚಾಚಾ ಹುಷಾರಾಗಿದ್ದಾರೆ, ಶುಕ್ರವಾರ ತಪ್ಪಿಸುವುದಿಲ್ಲ ಎಂದ. ಆಮೇಲೆ ಸ್ವಲ್ಪ ಹಿಂಜರಿದು, "ಸರ್, ಒಂದು ಮಾತು ಹೇಳ್ಲೇನ್ರಿ?" ಎಂದು ಕೇಳಿದ.

"ಹೇಳಪಾ."

"ನಿಮ್ಮ ಹುಡುಗ್ರು ಚಲೋ ಆಡ್ತಾರ್ರಿ. ಒಂದೇ ಅಂದ್ರ, ಚೆಂಡು ಬರೂಕಿಂತ ಮೊದಲ ತಲಿ ಎತ್ತಿ ನೋಡಂಗಿಲ್ರಿ. ಬಂದ ಮ್ಯಾಲ ನೋಡ್ತಾರ."

"ಹೇಳ್ತೇನಿ," ಎಂದೆ. "ನೀನೇ ಬಂದು ಹೇಳಿದ್ರ ಇನ್ನೂ ಚಲೋ."

ಅವನು ನನ್ನ ಮುಖ ನೋಡಿದ, ಟವೆಲನ್ನು ಹೆಗಲಿಗೆ ಹಾಕಿಕೊಂಡ, ನನ್ನ ಹುಡುಗರು ಕೂತಿದ್ದ ಕಡೆಗೆ ನಡೆದುಹೋದ.