ಗಿವ್ ಅಪ್‌ಗೆ ಐದು ವಾಕ್ಯ

ಹೊಸ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದಾಗ ಬರುವ ವಾಸನೆಗೆ ಬೇರೆಯವರ ಮುಖ ಅರಳುತ್ತದೆ, ನಾನು ಮಾತ್ರ ಹೆದರಿ ಅದನ್ನು ಮತ್ತೆ ಮಡಿಸಿಡುತ್ತೇನೆ. ಆ ವಾಸನೆಯ ಜೊತೆಗೇ ಮೊಳಕಾಲ್ಮೂರಿನ ಅಜ್ಜಿಯ ಮನೆ ನೆನಪಿಗೆ ಬರುತ್ತದೆ: ನಡುಮನೆಯ ತುಂಬ ಮಗ್ಗ, ಕಿಟಕಿಯ ಬೆಳಕಿಗೆ ಕೂತು ರಾಟೆಯಲ್ಲಿ ನೂಲು ಸುತ್ತುವ ಅಜ್ಜಿ, ಅವಳಿಗೆ ಒರಗಿದ ನಾನು. ತಮ್ಮ ಹುಟ್ಟಿದಾಗ ಅವ್ವ ನನ್ನನ್ನು ಅಲ್ಲಿ ಬಿಟ್ಟಿದ್ದಳು. ಒಂದು ತಿಂಗಳಿಗೆಂದು ಬಂದವಳು ಏಳು ವರ್ಷ ಉಳಿದೆ. ನಿಮಗೂ ಅಂಥದೊಂದು ಮನೆಯಿದ್ದರೆ, ಅದನ್ನು ಕಳೆದುಕೊಂಡ ದಿನವೂ ನೆನಪಿರುತ್ತದೆ.

ನಾನು ಕಳೆದುಕೊಂಡದ್ದು ಒಂದು ಭಾನುವಾರ. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದ ಅಪ್ಪಾಜಿ ಬಂದು, ನನ್ನನ್ನು ಅಲ್ಲಿನ ಇಂಗ್ಲಿಷ್ ಶಾಲೆಗೆ ಸೇರಿಸುವ ಮಾತೆತ್ತಿದರು. ಪರೀಕ್ಷೆ ಮಾಡಿ ನೋಡುತ್ತೇನೆ, ಇಂಗ್ಲಿಷ್ ಬಾರದಿದ್ದರೆ ಇಲ್ಲೇ ಇರಲಿ ಎಂದರು. ಅಜ್ಜಿ ನನ್ನನ್ನು ಹಿತ್ತಿಲಿಗೆ ಕರೆದೊಯ್ದಳು.

"ಏನ್ ಕೇಳಿದ್ರೂ ಗೊತ್ತಿಲ್ಲ ಅಂದ್ಬಿಡು ತಾಯಿ. ಅಷ್ಟು ಸಾಕು."

ಅಪ್ಪಾಜಿ ಕೇಳಿದ್ದು 'ಗಿವ್ ಅಪ್'. ಎಷ್ಟು ಅರ್ಥ ಗೊತ್ತು, ಒಂದೊಂದಕ್ಕೂ ಒಂದು ವಾಕ್ಯ ಹೇಳು ಎಂದರು. ಆ ಗಡಸು ದನಿಗೇ ನಾನು ಹೆದರಿಬಿಟ್ಟೆ. ಗೊತ್ತಿಲ್ಲ ಎಂದರೆ ಏಟು ಬೀಳುತ್ತದೆ, ತಲೆಯಲ್ಲಿ ಅದೊಂದೇ. ಶಾಲೆಯಲ್ಲಿ ಉರು ಹೊಡೆದದ್ದನ್ನು ಬಾಯಿ ತಾನಾಗಿ ಇಂಗ್ಲಿಷಿನಲ್ಲಿ ಒಪ್ಪಿಸತೊಡಗಿತು. ತಾತ ಬೀಡಿ ಸೇದುವುದು ಬಿಟ್ಟ. ರಾಂಪುರದ ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಟ್ಟುಕೊಟ್ಟೆ. ಕಳ್ಳ ಪೊಲೀಸರಿಗೆ ಶರಣಾದ. ಲೆಕ್ಕ ಬಿಡಿಸಲಾಗದೆ ಕೈಚೆಲ್ಲಿದೆ. ಇಂಗ್ಲಿಷ್ ಅರಿಯದ ಅಜ್ಜಿ ಬಾಗಿಲಲ್ಲಿ ನಿಂತು ಬೆರಳು ಮಡಚಿ ಎಣಿಸುತ್ತಿದ್ದಳು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಅಪ್ಪಾಜಿ ಹುಬ್ಬೇರಿಸಿದರು, ರೋಗಿಯ ಮೇಲೆ ಡಾಕ್ಟರು ಆಸೆ ಬಿಟ್ಟರು ಎಂಬ ಐದನೆಯದನ್ನೂ ಹೇಳಿಬಿಟ್ಟೆ. ಅವರು ನಕ್ಕು ನನ್ನ ತಲೆ ಸವರಿದರು. ಜನ್ಮದಲ್ಲಿ ಮಕ್ಕಳ ಮೇಲೆ ಕೈ ಎತ್ತಿದವರಲ್ಲ ಅವರು. ಅದು ನನಗೆ ತಿಳಿದದ್ದು ಚಳ್ಳಕೆರೆಗೆ ಹೋದ ಮೇಲೆ.

ಅಜ್ಜಿ ಬೈಯಲಿಲ್ಲ. ನನ್ನ ಲಂಗಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು, ಬಸ್ ಸ್ಟ್ಯಾಂಡಿನವರೆಗೂ ಬಂದಳು. ಅಪ್ಪಾಜಿ ಟಿಕೆಟಿಗೆ ಹೋದಾಗ, ನಾನು ಅಷ್ಟೊತ್ತು ಹೇಳಿದ್ದು ಏನೆಂದು ಕೇಳಿದಳು. ಬಿಡೋದು ಅಂತ, ಅಂದೆ. ಕಣ್ಣೆತ್ತಿ ನೋಡಲು ಧೈರ್ಯವಾಗಲಿಲ್ಲ. ಅವಳು ನನ್ನ ಜಡೆ ಸರಿಮಾಡಿದಳು.

"ಚೆಂದಾಗಿ ಹೇಳ್ದೆ ಬಿಡು. ಐದೂ ಹೇಳ್ದೆ."

ದಸರಾ ರಜೆಗೆ ಬರುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ದಸರೆಯವರೆಗೆ ಅವಳು ಉಳಿಯಲಿಲ್ಲ.