ಶನಿಯನ್ನು ನೋಡಲು ನಿಂತ ಸಾಲು

ಇದನ್ನು ಕಥೆ ಎಂದು ಓದಬೇಡಿ. ಅಂದು ಆ ಸಾಲಿನಲ್ಲಿ ನಿಂತಿದ್ದವರಲ್ಲಿ ಹಲವರು ಇನ್ನೂ ಹೊಸಪೇಟೆಯಲ್ಲೇ ಇದ್ದಾರೆ. ಮಾರ್ಕೆಟ್ಟಿನಲ್ಲಿ ಎದುರಾದರೆ ನಗುತ್ತೇವೆ. ಆ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಅಮಾವಾಸ್ಯೆಯ ಆಸುಪಾಸಿನಲ್ಲಿ ಸಂಡೂರು ಕಡೆಯ ಕಾಡಿನ ಅಂಚಿನಲ್ಲಿ, ಒಂದು ದೊಡ್ಡ ಬಂಡೆಯ ಮೇಲೆ, ಬಂದವರಿಗೆಲ್ಲ ಟೆಲಿಸ್ಕೋಪಿನಲ್ಲಿ ಆಕಾಶ ತೋರಿಸುತ್ತಿದ್ದರು. ನಾನು ಚಹಾ ಕೊಡುತ್ತ ಸಾಲು ನೋಡಿಕೊಳ್ಳುತ್ತಿದ್ದೆ. ಎಲ್ಲರದೂ ಮುಗಿದು ನನ್ನ ಸರದಿ ಬರುವಷ್ಟರಲ್ಲಿ ಮೋಡವೋ ಧೂಳೋ ಅಡ್ಡ ಬರುತ್ತಿತ್ತು. ಹೀಗಾಗಿ ಶನಿಯ ಬಳೆಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

"ಎಲ್ಲಿಗೆ ಹೊಕ್ಕೈತಿ ಅದು? ಮುಂದಿನ ಸಲ ನೋಡುವಂತಿ ಬಿಡು" ಅನ್ನುತ್ತಿದ್ದರು.

ಮಳೆಗಾಲದಲ್ಲಿ ಎದೆನೋವು ಬಂದು ಅವರೇ ಹೋದರು.

ಟೆಲಿಸ್ಕೋಪು ಶಾಲೆಯದು, ಮರಳಿ ಕೊಡಬೇಕಿತ್ತು. ಅದಕ್ಕೂ ಮೊದಲು ಚಳಿಗಾಲದಲ್ಲಿ ಒಂದು ಕಾರ್ಯಕ್ರಮ ನಾನೇ ಮಾಡುತ್ತೇನೆ ಎಂದೆ. ಕಾರ್ಯಕ್ರಮ ಒಂದು ನೆಪ. ಅವರು ಅಷ್ಟು ವರ್ಷ ನೋಡಿದ್ದನ್ನು, ಅವರ ಕೈಯಲ್ಲಿ ಸವೆದ ಆ ಕೊಳವೆಯಲ್ಲೇ ನಾನೂ ಒಮ್ಮೆ ನೋಡಬೇಕಿತ್ತು. ಅಷ್ಟೇ ನನ್ನ ಆಸೆ.

ಅಂದು ಮೊದಲಿನಿಂದಲೂ ಅಡ್ಡಿ. ಅದಿರಿನ ಲಾರಿಗಳ ನಡುವೆ ನಮ್ಮ ಟೆಂಪೋ ಸಿಕ್ಕಿಬಿದ್ದು, ಕತ್ತಲಾದ ಮೇಲೆ ತಲುಪಿದೆವು. ಎಲೆಗಳ ಮೇಲೆ, ನಾಲಗೆಯ ಮೇಲೆ, ಟೆಲಿಸ್ಕೋಪಿನ ಕನ್ನಡಿಯ ಮೇಲೆ ಕೆಂಪು ಧೂಳು. ತುಕ್ಕಿನ ವಾಸನೆ. ಪೂರ್ವದ ಗುಡ್ಡದ ಮೇಲಿನ ಗಣಿ ದೀಪಗಳು ಆಕಾಶವನ್ನೇ ಹಳದಿ ಮಾಡಿದ್ದವು. ಗುಡ್ಡದ ನೆತ್ತಿಯಲ್ಲಿ ಒಂದು ಬೆಳಕಿನ ಚುಕ್ಕೆ ಮೇಲೆದ್ದಿತು. ಸಿಕ್ಕಿತು! ಟೆಲಿಸ್ಕೋಪು ತಿರುಗಿಸಿ, ಸಾಲಿನ ಮುಂದಿದ್ದವನನ್ನು ಕರೆದೆ.

ಅವನು ಕಣ್ಣಿಟ್ಟು ನೋಡಿ ನಕ್ಕ. "ಅಕ್ಕಾರ, ನಿಮ್ಮ ಶನಿ ಟಿಪ್ಪರ್ ಓಡ್ಸಾಕತ್ತಾನಲ್ರೀ!"

"ಲೇ, ಶನಿ ನೋಡಾಕ ಇಷ್ಟು ದೂರ ಬರ್ಬೇಕಿತ್ತೇನ್ಲೇ? ನಿನ್ನ ಬೆನ್ನಿಗೇ ಅದಾನಲ್ಲ!" ಎಂದ ಅವನ ಗೆಳೆಯ.

ಇಬ್ಬರೂ ಟೆಂಪೋ ಕಡೆ ಇಳಿದು ಹೋದರು. ಮೊದಲನೆಯವನು ಹೇಳಿದ್ದು ನಿಜ. ಗಣಿ ರಸ್ತೆಯ ಟಿಪ್ಪರಿನ ದೀಪವನ್ನು ನಾನು ಗ್ರಹ ಎಂದುಕೊಂಡಿದ್ದೆ.

ನಮ್ಮ ಜೊತೆಗಿದ್ದ ಫಾರೆಸ್ಟ್ ಗಾರ್ಡ್ ಹುಲುಗಪ್ಪ ಹತ್ತಿರ ಬಂದ. "ಸಾಕ್ ಮಾಡ್ರಿ ಅಕ್ಕಾರ. ಕರಡಿ ಅಡ್ಡಾಡೋ ಹೊತ್ತು. ಈ ಧೂಳಿನ್ಯಾಗ ಏನೂ ಕಾಣಂಗಿಲ್ಲ."

"ಇನ್ನೊಂದ್ ಸ್ವಲ್ಪ ತಡಿಯಪ್ಪ..."

ಮತ್ತೆ ಹುಡುಕಿದೆ. ಇಲ್ಲ. ಟೆಲಿಸ್ಕೋಪು ಬಿಟ್ಟು ದೂರ ಹೋಗಿ, ಬಂಡೆಯ ಮೇಲೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಉಳಿದವರು ಸಾಲು ಬಿಡಲಿಲ್ಲ. ನಮ್ಮ ಮನೆಯವರದು ಒಂದು ಪದ್ಧತಿ ಇತ್ತು. ಬೆಳಕು ಬಿದ್ದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುತ್ತದೆ, ಅದಕ್ಕೆ ಬ್ಯಾಟರಿ ಹಚ್ಚುವ ಹಾಗಿಲ್ಲ. ಮುಂದಿನವರ ಹೆಗಲ ಮೇಲೆ ಕೈ ಇಟ್ಟುಕೊಂಡೇ ಸಾಲು ಸಾಗಬೇಕು. ಈಗ ಎಲ್ಲರಿಗಿಂತ ಮುಂದೆ ಇದ್ದವಳು ಬಂಡ್ರಿಯ ಮುದುಕಿ ಹನುಮಕ್ಕ.

ಆಗ ಕೇಳಿಸಿತು... ಕಿರ್...

ಟೆಲಿಸ್ಕೋಪಿನ ಮರದ ಪೀಠ ತಿರುಗುವ ಸದ್ದು ಅದು. ಭೂಮಿ ತಿರುಗುವುದರಿಂದ ಗ್ರಹ ಬಲು ಬೇಗ ಕೊಳವೆಯಿಂದ ಜಾರಿಹೋಗುತ್ತದೆ. ಒಬ್ಬರು ಪಕ್ಕದಲ್ಲೇ ನಿಂತು ಬೆರಳಿನಿಂದ ಸರಿಸುತ್ತಿರಬೇಕು. ಆದರೆ ನನ್ನ ಎರಡೂ ಕೈ ನನ್ನ ಮುಖದ ಮೇಲಿದ್ದವು.

"ಅಯ್ಯ! ಬಳಿ ಹಾಕ್ಕೊಂಡೈತಲ್ಲವ್ವ!" ಹನುಮಕ್ಕನ ದನಿ.

ತಲೆ ಎತ್ತಿದೆ. ಆಕಾಶದಲ್ಲಿ ಒಂದು ಚುಕ್ಕೆಯೂ ಇಲ್ಲ. ಬರೀ ಹಳದಿ ಧೂಳು.

ಕಿರ್... ಇನ್ನೊಬ್ಬರು ನೋಡಿದರು. ಉಸಿರು ಎಳೆದುಕೊಂಡರು. ಕಿರ್... ಮತ್ತೊಬ್ಬರು. ಹುಲುಗಪ್ಪನೂ ಹೋಗಿ ಬಗ್ಗಿದ. ಯಾರೂ ಈಗ ನಗಲಿಲ್ಲ.

ಹನುಮಕ್ಕ ನನ್ನ ಪಕ್ಕ ಬಂದು ಕುಳಿತಳು. ಮೆಲ್ಲಗೆ ಕೇಳಿದೆ, "ಅಜ್ಜಿ, ಅದನ್ನ ಯಾರು ಸರಿಸಿ ಕೊಟ್ರು?"

"ನನ್ನ ಮುಂದಿದ್ರಲ್ಲ, ಅವರು."

"ನಿನ್ನ ಮುಂದ ಯಾರಿದ್ರು? ನೀನೇ ಮೊದಲ್ನೇಕಿ."

"ಹೆಗಲ ಮ್ಯಾಲೆ ಕೈ ಇಟ್ಟಿದ್ನಲ್ಲವ್ವ... ತಣ್ಣಗಿತ್ತು. ಇಂಥ ಚಳಿಯಾಗ ಸ್ವೆಟರ್ ಹಾಕ್ಕೋಬಾರ್ದಾ ಅಂದೆ. ಮಾತಾಡ್ಲಿಲ್ಲ."

ನಿಜ ಹೇಳುತ್ತೇನೆ, ಆ ಗಳಿಗೆ ನನಗೆ ಹೆದರಿಕೆ ಆಗಲಿಲ್ಲ. ಆದದ್ದು ಅವಸರ. ಎದ್ದು, ಎಡವುತ್ತ ಓಡಿದೆ. ಸಾಲು ಮುಗಿದಿತ್ತು. ಕಣ್ಣಿಟ್ಟೆ.

ಇತ್ತು! ಗಾಜಿನ ಅಂಚಿನಲ್ಲಿ, ಸಣ್ಣಗೆ, ಹಳದಿಯಾಗಿ... ಬಳೆಯ ಒಂದು ತುದಿ ಕಂಡಿತು, ಅಷ್ಟೇ.

ಕಿರ್...

ಕತ್ತಲೆ. ನನ್ನ ಕೆನ್ನೆಗೆ ತಾಗಿದ್ದ ಕೊಳವೆ ತಾನೇ ಆಚೆ ಸರಿದಿತ್ತು. ಹಿಡಿದು ಹಿಂದಕ್ಕೆ ತಳ್ಳಿದೆ. ಅಲುಗಲಿಲ್ಲ. ಆ ತುದಿಯನ್ನು ಯಾರೋ ಬಿಗಿಯಾಗಿ ಹಿಡಿದಿದ್ದರು. ಜೋರು ಮಾಡಿದಷ್ಟೂ ಆ ಕಡೆಯಿಂದ ಅಷ್ಟೇ ಜೋರು.

"ಒಂದೇ ಸಲ ನೋಡ್ತೀನಿ... ಬಿಡ್ರೀ," ಎಂದೆ. "ಬಿಡ್ರೀ ಅಂದ್ನಲ್ಲ!"

ಹುಲುಗಪ್ಪ ಓಡಿ ಬಂದು ಬ್ಯಾಟರಿ ಹಚ್ಚಿದ. ಆ ತುದಿಯಲ್ಲಿ ಯಾರೂ ಇರಲಿಲ್ಲ. ಬೆಳಕು ಬಿದ್ದದ್ದೇ ಕೊಳವೆ ಸಡಿಲವಾಗಿ ಗಿರ್ರನೆ ತಿರುಗಿತು. ಆಮೇಲೆ ಎಷ್ಟು ಹುಡುಕಿದರೂ ಧೂಳು ಬಿಟ್ಟು ಬೇರೇನೂ ಕಾಣಲಿಲ್ಲ.

ಮರುದಿನ ಟೆಲಿಸ್ಕೋಪು ಶಾಲೆಗೆ ಹೋಯಿತು. ನಾನು ಮತ್ತೆ ಯಾವುದರಲ್ಲೂ ಕಣ್ಣಿಟ್ಟಿಲ್ಲ.

ನಮ್ಮ ಮನೆಯವರೇ ಆಗಿದ್ದರೆ, ಊರವರಿಗೆಲ್ಲ ತೋರಿಸಿ ನನಗ್ಯಾಕೆ ತೋರಿಸಲಿಲ್ಲ? ಈ ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟು ಇರುವವರೆಗೆ ಪರವಾಗಿಲ್ಲ, ನಿದ್ದೆ ಬರುತ್ತದೆ. ಆದರೆ ಕೆಲವು ರಾತ್ರಿ ಇನ್ನೊಂದು ಯೋಚನೆ ಬರುತ್ತದೆ. ಅದು ಅವರಲ್ಲದಿದ್ದರೆ... ಆ ಕತ್ತಲಲ್ಲಿ ನಾನು "ಬಿಡ್ರೀ" ಎಂದು ಬೇಡಿಕೊಂಡದ್ದು ಯಾರನ್ನು?